ಚಾವಡಿಯ ಪಟಗಳಿಗೆ ಬೂಸ್ಟು
ಆಟಿಯ ಮಳೆ ಬಿಡದೆ ಹೊಯ್ಯುವಾಗ ಪುತ್ತೂರು, ಸುಳ್ಯ, ಕಡಬದ ಹಳೆಮನೆಗಳ ಚಾವಡಿಯಲ್ಲಿ ತೂಗುವ ಅಜ್ಜ-ಅಜ್ಜಿಯರ ಪಟಗಳಿಗೆ ಬೂಸ್ಟು ಹಿಡಿಯುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೊದ ಮೇಲ್ಪದರ ಬಹುಪಾಲು ಜಿಲೆಟಿನ್. ಬೂಸ್ಟಿಗೆ ಅದೇ ಊಟ. ತೇವ ಕುಡಿದು ಗಾಜಿಗೇ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಅಜ್ಜನ ಮೀಸೆ ಗಾಜಿನಲ್ಲೇ ಉಳಿದೀತು. ಗಾಜು ಸಮೇತ ಸ್ಕ್ಯಾನ್ ಮಾಡಿಸಿ. ಹೊಸದಾಗಿ ಕಟ್ಟು ಹಾಕಿಸುವಾಗ ಗಾಜಿಗೂ ಪಟಕ್ಕೂ ನಡುವೆ ರಟ್ಟಿನ ಅಂಚು ಇರಲಿ, ಬೆನ್ನಿಗೆ ಹೆಸರು-ಊರು ಪೆನ್ಸಿಲ್ಲಿನಲ್ಲಿ ಬರೆದಿರಲಿ. (ಹೆಸರಿಲ್ಲದ ಪಟ ಮೊಮ್ಮಕ್ಕಳ ಕಾಲಕ್ಕೆ ‘ಯಾರೋ ಒಬ್ಬರು’.) 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ನಮ್ಮ ಕರಾವಳಿಯಲ್ಲಿ ತೆಗೆದ ಫೋಟೊಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿವೆ, ಇಲ್ಲಿಯವು ಅಟ್ಟದಲ್ಲಿ ಗೆದ್ದಲಿನ ಪಾಲು. ಬೆಂಗಳೂರಿಗೇನೋ 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ‘ಮ್ಯಾಪ್’ ಬಂತು. ನಮಗೆ ಪರ್ಲಡ್ಕದ ಬಾಲವನವಿದೆ, ಮೂಕಿ ಸಿನಿಮಾಕ್ಕೂ ಕೈಹಾಕಿದ್ದ ಶಿವರಾಮ ಕಾರಂತರ ಜಾಗ. ಅವರ ಹುಟ್ಟುದಿನ ಅಕ್ಟೋಬರ್ 10, ಮಳೆಯೂ ಇಳಿದಿರುತ್ತದೆ. ಅಂದು ಮೂರು ತಾಲೂಕಿನವರು ಪಟ ತಂದು, ಪ್ರತಿ ಮಾಡಿಸಿ, ಮೂಲವನ್ನು ಮನೆಗೇ ಒಯ್ಯುವ ಏರ್ಪಾಡು ಮಾಡಬಹುದು. ಬೇಕಾದ್ದು ಒಂದು ಸ್ಕ್ಯಾನರ್, ಬೇರೆಬೇರೆ ಕಡೆ ಇಡಲು ಎರಡು ಹಾರ್ಡ್ ಡಿಸ್ಕ್. ಹಿರಿಯರು ಗುರುತು ಹೇಳಿದ್ದನ್ನು ಬರೆದುಕೊಳ್ಳಲು ಕಾಲೇಜು ಮಕ್ಕಳು ಸಿಕ್ಕೇ ಸಿಗುತ್ತಾರೆ.