ಕಾರ್ಡು ನಿಮ್ಮದು, ಬೀಗದ ಕೈ ಯಾರದು?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ವರ್ತಕರ ಗಲ್ಲಾ ತೆಗೆದರೆ ಚಿಲ್ಲರೆಯ ಪಕ್ಕದಲ್ಲೇ ರಬ್ಬರ್ ಬ್ಯಾಂಡ್ ಬಿಗಿದ ವಿಸಿಟಿಂಗ್ ಕಾರ್ಡುಗಳ ಕಟ್ಟು ಸಿಗುತ್ತದೆ. ಲಾರಿ ಆಫೀಸಿನವರು, ಸೂರತ್ತಿನ ಸೀರೆ ಏಜೆಂಟರು, ತಕ್ಕಡಿ ರಿಪೇರಿಯವರು, ಜಿಎಸ್‌ಟಿ ಲೆಕ್ಕ ಬರೆಯುವವರು, ಎಲ್ಲರೂ ಅದರೊಳಗೇ. 3.5 ಇಂಚು ಉದ್ದ, 2 ಇಂಚು ಅಗಲದ ಈ ರಟ್ಟಿನ ಚೂರಿಗೆ ಈಗ ಪೈಪೋಟಿ ಬಂದಿದೆ. ಫೋನು ತೆರೆದರೆ ಸಾಕು, ‘ಕಾಗದ ಯಾಕೆ ಸ್ವಾಮಿ, ಡಿಜಿಟಲ್ ಕಾರ್ಡು ಮಾಡಿಸಿ’ ಅಂತ ಜಾಹೀರಾತು. ಮಾಡಿಸಲಿ, ಬೇಡ ಅನ್ನುವವರು ಯಾರು? ಆದರೆ ದುಡ್ಡು ಕೊಟ್ಟ ಮೇಲೆ ಆ ಕಾರ್ಡು ಯಾರ ಸ್ವತ್ತು ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು.

ಎರಡು ಬಗೆ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಸರಕು ಇದೆ. ಒಂದು ಕ್ಯೂಆರ್ ಕೋಡ್. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಕಂಡುಹಿಡಿದ ಈ ಕಪ್ಪು-ಬಿಳಿ ಚೌಕ, 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಎಳನೀರು ಗಾಡಿಯವರೆಗೂ ಬಂದು ನಿಂತಿದೆ. ಇನ್ನೊಂದು, ಫೋನಿನ ಬೆನ್ನಿಗೆ ಮುಟ್ಟಿಸುವ ಎನ್‌ಎಫ್‌ಸಿ ಕಾರ್ಡು. ಒಳಗೊಂದು ಸಣ್ಣ ಚಿಪ್ ಇರುತ್ತದೆ, ಬ್ಯಾಟರಿ ಇರುವುದಿಲ್ಲ. ಫೋನಿನಿಂದಲೇ ಶಕ್ತಿ ಪಡೆದು ಕೆಲಸ ಮಾಡುತ್ತದೆ, ಅದೂ 4 ಸೆಂಟಿಮೀಟರ್ ಆಸುಪಾಸಿಗೆ ತಂದಾಗ ಮಾತ್ರ. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಈ ಸೌಲಭ್ಯವೇ ಇಲ್ಲ.

ಯಾವ ಬಗೆಯದೇ ಆಗಲಿ, ಒಳಗೆ ಏನು ತುಂಬಿದ್ದಾರೆ ಅನ್ನುವುದು ಮುಖ್ಯ. ನಿಮ್ಮ ಹೆಸರು, ನಂಬರು, ಅಂಗಡಿ ವಿಳಾಸವನ್ನೇ ನೇರವಾಗಿ ತುಂಬಬಹುದು. ‘ವಿಕಾರ್ಡ್’ ಅನ್ನುವ ಈ ಪದ್ಧತಿ 1990ರ ದಶಕದ ನಡುವಿನಿಂದಲೂ ಇದೆ, ಯಾರೂ ಬಾಡಿಗೆ ಕೇಳುವುದಿಲ್ಲ. ಇಲ್ಲವೇ, ಕಾರ್ಡು ಮಾರಿದ ಕಂಪನಿಯ ಒಂದು ವೆಬ್ ವಿಳಾಸವನ್ನಷ್ಟೇ ತುಂಬಿ, ನಿಮ್ಮ ವಿವರವನ್ನು ಅವರ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಮೊದಲನೆಯದರಲ್ಲಿ ಗಿರಾಕಿಯ ಕೈಗೆ ನಿಮ್ಮ ಮನೆ ವಿಳಾಸ ಕೊಟ್ಟಂತೆ. ಎರಡನೆಯದರಲ್ಲಿ, ‘ಇಂಥ ದಲ್ಲಾಳಿ ಹತ್ತಿರ ಹೋಗಿ ಕೇಳಿ, ಅವರು ನನ್ನ ವಿಳಾಸ ಹೇಳುತ್ತಾರೆ’ ಅಂದಂತೆ.

ಎರಡನೆಯದರಲ್ಲಿ ಅನುಕೂಲ ಇಲ್ಲ ಅಂತಲ್ಲ. ಅಂಗಡಿ ಪಿ.ಬಿ. ರಸ್ತೆಗೆ ಬದಲಾದರೆ ಕಾಗದದ ಸಾವಿರ ಕಾರ್ಡು ರದ್ದಿಗೆ ಹೋಗುತ್ತದೆ. ಇಲ್ಲಿ ಒಂದು ಸಾಲು ತಿದ್ದಿದರೆ ಆಯಿತು. ಆದರೆ ಇಂಥ ಸೇವೆ ಅನೇಕ ಕಡೆ ವರ್ಷದ ಚಂದಾದ ಮೇಲೆ ನಡೆಯುತ್ತದೆ. ಚಂದಾ ತಪ್ಪಿದರೆ, ಅಥವಾ ಕಂಪನಿಯೇ ಬಾಗಿಲು ಹಾಕಿದರೆ, ಅಂಗಡಿ ಬೋರ್ಡು, ಕೈಚೀಲ, ದೀಪಾವಳಿ ಕ್ಯಾಲೆಂಡರಿನ ಮೇಲೆಲ್ಲ ಅಚ್ಚು ಹಾಕಿಸಿದ ಚೌಕ ಬರೀ ಮಸಿ.

ದೊಡ್ಡವರೇ ಮುಚ್ಚಿದ್ದಾರೆ

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಎರಡು ಫೋನು ತಾಗಿಸಿ ವಿಳಾಸ ಬದಲಾಯಿಸಿಕೊಳ್ಳುವ ‘ಬಂಪ್’ ಅನ್ನುವ ಆ್ಯಪ್ ಒಂದು ಕಾಲಕ್ಕೆ ಭಾರಿ ಹೆಸರು ಮಾಡಿತ್ತು. 2013ರಲ್ಲಿ ಗೂಗಲ್ ಅದನ್ನು ಕೊಂಡಿತು. 2014ರ ಜನವರಿ 31ಕ್ಕೆ ಆ್ಯಪ್ ಬಂದ್ ಆಯಿತು. ಕಾಗದದ ಕಾರ್ಡಿನ ಫೋಟೊ ತೆಗೆದು ವಿವರ ಉಳಿಸಿಕೊಡುತ್ತಿದ್ದ ‘ಕಾರ್ಡ್‌ಮಂಚ್’ ಅನ್ನು ಲಿಂಕ್ಡ್‌ಇನ್ 2011ರಲ್ಲಿ ಕೊಂಡು 2014ರಲ್ಲಿ ನಿಲ್ಲಿಸಿತು. ಎರಡೂ ಮುಚ್ಚಿದ್ದು ದೊಡ್ಡ ಧಣಿಗಳ ಕೈ ಸೇರಿದ ಮೇಲೇ. ಹಾಗಿರುವಾಗ ನಿನ್ನೆ ಮೊನ್ನೆ ಶುರುವಾದ ಕಂಪನಿಗೆ ಜಾಮೀನು ಯಾರು?

ಗಿರಾಕಿಯ ಪಾಡು

ಬಸ್ಸಿಗೆ ಕಾಯುತ್ತಾ ಯಾವುದೋ ಚೌಕ ಸ್ಕ್ಯಾನ್ ಮಾಡುವ ಪ್ರಯಾಣಿಕನಿಗೂ ಇದರಲ್ಲಿ ಪಾಲಿದೆ. ಕಾಗದದ ಕಾರ್ಡು ಕೊಟ್ಟವರಿಗೆ, ನೀವು ಅದನ್ನು ಯಾವಾಗ ನೋಡಿದಿರಿ ಅಂತ ತಿಳಿಯುತ್ತಿರಲಿಲ್ಲ. ಕಂಪನಿಯ ಪುಟ ತೆರೆದರೆ ಯಾವ ಹೊತ್ತಿಗೆ, ಸುಮಾರು ಯಾವ ಊರಿನಿಂದ, ಎಂಥ ಫೋನಿನಿಂದ ನೋಡಿದಿರಿ ಅನ್ನುವುದೆಲ್ಲ ಅಲ್ಲಿ ದಾಖಲಾಗಬಹುದು. ಕೆಲವು ಪುಟ ‘ನಿಮ್ಮ ನಂಬರನ್ನೂ ಕೊಡಿ’ ಅನ್ನುತ್ತದೆ. ಕೊಟ್ಟ ಮೇಲೆ ಸಾಲ ಬೇಕೆ, ಸೈಟು ಬೇಕೆ ಅಂತ ಫೋನು ಬಂದರೆ ಆಶ್ಚರ್ಯಪಡಬೇಡಿ. ಒಪ್ಪಿಗೆ ಪಡೆದು, ಹೇಳಿದ ಉದ್ದೇಶಕ್ಕಷ್ಟೇ ವಿವರ ಬಳಸಬೇಕು ಅನ್ನುವ ಕಾನೂನನ್ನು ಸಂಸತ್ತು 2023ರಲ್ಲೇ ಅಂಗೀಕರಿಸಿದೆ. ಆದರೂ ಬೇಡದ ಕಡೆ ನಂಬರು ಕೊಡದಿರುವುದೇ ಲೇಸು. ವಿಳಾಸ ತಿಳಿಯಲು ಯುಪಿಐ ಪಿನ್ ಒತ್ತುವ ಪ್ರಮೇಯವೇ ಇಲ್ಲ. ಕೇಳಿದರೆ ಅದು ಮೋಸ, ಫೋನು ಜೇಬಿಗೆ ಹಾಕಿಕೊಳ್ಳಿ.

ಪರೀಕ್ಷೆ ಸುಲಭ

ಕ್ಯೂಆರ್ ಮಾಡಿಸುವ ಮುನ್ನ ವರ್ತಕರು ಒಂದು ಪರೀಕ್ಷೆ ಮಾಡಬಹುದು. ಮಾದರಿ ತರಿಸಿಕೊಳ್ಳಿ. ಫೋನಿನ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ಸ್ಕ್ಯಾನ್ ಮಾಡಿ. ಹೆಸರು, ನಂಬರು ನೇರವಾಗಿ ಬಂದರೆ ಕಾರ್ಡು ನಿಮ್ಮದು. ಬರೀ ವೆಬ್ ವಿಳಾಸ ಬಂದರೆ ಅದು ಯಾರ ಹೆಸರಿನಲ್ಲಿದೆ, ವರ್ಷಕ್ಕೆ ಎಷ್ಟು, ಬಿಟ್ಟರೆ ಏನಾಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಎನ್‌ಎಫ್‌ಸಿ ಆದರೆ, ಬೇರೆಯವರು ತಿದ್ದದಂತೆ ಚಿಪ್ಪಿಗೆ ಲಾಕ್ ಹಾಕಿದ್ದಾರೆಯೇ ಅಂತಲೂ ವಿಚಾರಿಸಿ.

ಹಳ್ಳಿಯಿಂದ ಸಂತೆಗೆ ಬರುವ ಎಷ್ಟೋ ಗಿರಾಕಿಗಳ ಕೈಯಲ್ಲಿ ಇವತ್ತಿಗೂ ಒತ್ತುವ ಗುಂಡಿಯ ಫೋನು. ಅವರು ಏನನ್ನೂ ಸ್ಕ್ಯಾನ್ ಮಾಡಲಾರರು. ಆದ್ದರಿಂದ ಕಾಗದವನ್ನು ಬಿಡುವುದೂ ಬೇಡ. ಮುಂದುಗಡೆ ಕನ್ನಡದಲ್ಲಿ ಹೆಸರು, ದಪ್ಪಕ್ಷರದಲ್ಲಿ ನಂಬರು; ಹಿಂದುಗಡೆ ವಿವರ ನೇರವಾಗಿ ತುಂಬಿದ ಚೌಕ. ಇಷ್ಟನ್ನು ನಮ್ಮೂರ ಪ್ರಿಂಟಿಂಗ್ ಪ್ರೆಸ್ಸಿನವರೇ ಮಾಡಿಕೊಡಬಲ್ಲರು. ಇಂಥ ಚೌಕ ತಯಾರಿಸುವ ಸಾಧನ ಪುಕ್ಕಟೆ ಸಿಗುತ್ತದೆ. ಪ್ರೆಸ್ಸಿನವರು ಕಲಿತುಕೊಂಡರೆ ಅವರ ಹೊಟ್ಟೆಪಾಡಿಗೂ ಆಯಿತು, ವರ್ತಕರಿಗೆ ವರ್ಷವರ್ಷದ ಕಂದಾಯವೂ ತಪ್ಪಿತು.