ಹಳೆಯ ಬಡಾವಣೆಯಲ್ಲಿ ಪಾಲಿನ ಮನೆ

ಉದ್ಯೋಗದಿಂದ ನಿವೃತ್ತನಾದೊಡನೆ ಮನೆಯ ಚಿಂತೆಯೂ ಮುಗಿಯಿತೆಂದು ಭಾವಿಸುವ ಗೃಹಸ್ಥರು ಅನೇಕರುಂಟು. ಕೆಲವರಿಗೆ ಆ ಚಿಂತೆ ಪ್ರಾರಂಭವಾಗುವುದೇ ಆಗ. ಮಕ್ಕಳು ಬೆಂಗಳೂರಿನಲ್ಲಿ ಉದ್ಯೋಗಸ್ಥರು. ತಂದೆತಾಯಿಗಳು ಮೈಸೂರಿನಲ್ಲಿಯೋ ಶಿವಮೊಗ್ಗದಲ್ಲಿಯೋ ಇರತಕ್ಕವರು. ವೈದ್ಯರನ್ನು ಕಾಣುವುದಕ್ಕೂ ಮೊಮ್ಮಕ್ಕಳನ್ನು ನೋಡುವುದಕ್ಕೂ ವರ್ಷಕ್ಕೆ ಮೂರು ನಾಲ್ಕು ಸಲ ಬರಲೇಬೇಕು. ಮಕ್ಕಳ ಮನೆ ಪರರ ಮನೆಯಲ್ಲ, ನಿಜ. ಆದರೂ ಎರಡು ಕೋಣೆಗಳ ಮನೆಯಲ್ಲಿ ಎರಡು ತಿಂಗಳು ಅತಿಥಿಯಾಗಿರುವುದು ಉಭಯತ್ರರಿಗೂ ಸುಖಕರವಲ್ಲ. ಒಬ್ಬನೇ ಮನೆ ಕೊಳ್ಳೋಣವೆಂದರೆ ವಿಶ್ರಾಂತಿವೇತನದ ಮೇಲೆ ಜೀವಿಸುವವನಿಗೆ ಆ ಶಕ್ತಿ ಎಲ್ಲಿಯದು? ಆದಕಾರಣ ಎರಡು ಮೂರು ಕುಟುಂಬಗಳು ಹಣ ಕೂಡಿಸಿ ಒಂದು ಅಪಾರ್ಟ್‌ಮೆಂಟನ್ನು ಕೊಂಡು, ಸರದಿಯ ಮೇಲೆ ವಾಸಮಾಡುವ ಆಲೋಚನೆ ಹುಟ್ಟುತ್ತದೆ. ನಮ್ಮ ಸ್ನೇಹಿತರ ಮೂರು ಕುಟುಂಬಗಳವರು ಇಂತಹ ಸಂಕಲ್ಪದಿಂದ ಬಸವನಗುಡಿಯನ್ನು ನೋಡಿಬರಬೇಕೆಂದು ನಮ್ಮನ್ನು ಕೇಳಿದರು. ನಾಲ್ಕು ದಿನ ಅಲ್ಲಿ ಸಂಚರಿಸಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ದೊಡ್ಡ ಬಸವನ ಗುಡಿಯಿಂದಲೇ ಈ ಸ್ಥಳಕ್ಕೆ ಹೆಸರು. ಒಂದೇ ಶಿಲೆಯಲ್ಲಿ ಕಡೆದ ಆ ನಂದಿಗೆ 16ನೆಯ ಶತಮಾನದಲ್ಲಿ ಕೆಂಪೇಗೌಡನು ಗುಡಿ ಕಟ್ಟಿಸಿದನೆಂದು ಪ್ರತೀತಿ. ಬಡಾವಣೆಯಾದರೋ ಬಹಳ ಈಚಿನದು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ನುಗ್ಗಿದಾಗ, ಪೇಟೆಯ ಇಕ್ಕಟ್ಟಾದ ಕೇರಿಗಳಿಗೆ ಅಂಜಿದ ಜನರು ಇಲ್ಲಿಗೂ ಮಲ್ಲೇಶ್ವರಕ್ಕೂ ಬಂದು ನೆಲೆಸತೊಡಗಿದರು. ಗಾಳಿಬೆಳಕುಗಳಿಗಾಗಿ ಹುಟ್ಟಿದ ಬಡಾವಣೆಯಾದುದರಿಂದಲೇ ಇಲ್ಲಿ ನೇರವಾದ ರಸ್ತೆಗಳು, ಸಾಲುಮರಗಳು, ಮನೆಗಳ ಹಿಂಬದಿಯಲ್ಲಿ ಕಿರಿಯ ಓಣಿಗಳು. ಮುಂಬಾಗಿಲಿನ ರಂಗವಲ್ಲಿಯ ಶುಚಿತ್ವವೆಲ್ಲವೂ ಒಂದು ಕಾಲದಲ್ಲಿ ಆ ಹಿಂದಣ ಓಣಿಯಲ್ಲಿ ಕಲ್ಮಷವನ್ನು ಹೊತ್ತು ನಡೆದವರ ಶ್ರಮದ ಮೇಲೆ ನಿಂತಿದ್ದಿತೆಂಬುದನ್ನು ಮರೆಯಲಾಗದು.

ವೃದ್ಧರಿಗೆ ಬೇಕಾದುದು ಇಲ್ಲಿ ಕಾಲ್ನಡಿಗೆಯ ದೂರದಲ್ಲಿಯೇ ಇದೆ. ಗಾಂಧಿಬಜಾರಿನಲ್ಲಿ ಹೂವು ಹಣ್ಣುಗಳು. 1943ರಲ್ಲಿ ಪ್ರಾರಂಭವಾದ ವಿದ್ಯಾರ್ಥಿ ಭವನದಲ್ಲಿ ದೋಸೆ. ಓದುವವರಿಗೆ 1945ರಲ್ಲಿ ಸ್ಥಾಪಿತವಾದ ವಿಶ್ವಸಂಸ್ಕೃತಿ ಸಂಸ್ಥೆಯ ಪುಸ್ತಕಭಂಡಾರ. ಉಪನ್ಯಾಸ ಕೇಳುವವರಿಗೆ ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಸಂಜೆ ಕುಳಿತುಕೊಳ್ಳುವುದಕ್ಕೆ ಕೃಷ್ಣರಾವ್ ಉದ್ಯಾನ. 2017ರಿಂದ ಮೆಟ್ರೋ ರೈಲೂ ಸಮೀಪಕ್ಕೆ ಬಂದಿದೆ. ಆದರೆ ನಿಶ್ಶಬ್ದವೆಂಬುದನ್ನು ಒಂದೇ ಹೊತ್ತಿನಲ್ಲಿ ಪರೀಕ್ಷಿಸಲಾಗದು. ಭಾನುವಾರ ಪ್ರಾತಃಕಾಲ ತಪೋವನದಂತೆ ತೋರಿದ ರಸ್ತೆಯೇ ಸೋಮವಾರ ಸಾಯಂಕಾಲ ವಾಹನಗಳ ಸಂತೆಯಾಗಿದ್ದಿತು. ಕಾರ್ತಿಕಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಂತೂ ಗುಡಿಯ ಸುತ್ತ ಕಾಲಿಡಲು ಸ್ಥಳವಿರದು. ಅದು ದೋಷವಲ್ಲ, ಕೊಳ್ಳುವವನಿಗೆ ಮೊದಲೇ ತಿಳಿದಿರಬೇಕಾದ ಸಂಗತಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುವುದು, ಲಿಫ್ಟು ಕೆಟ್ಟರೆ ಎಷ್ಟು ಮೆಟ್ಟಿಲು ಹತ್ತಬೇಕು, ಮಳೆ ಸುರಿದಾಗ ಚರಂಡಿಯ ಗತಿಯೇನು ಎಂಬುದನ್ನು ಮಾರುವವನ ಬಾಯಿಂದಲ್ಲ, ಕೆಳಮನೆಯ ಗೃಹಿಣಿಯ ಬಾಯಿಂದ ಕೇಳತಕ್ಕದ್ದು.

ಇಲ್ಲಿ ಹಳೆಯ ಒಂಟಿಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ನಾಲ್ಕಾರು ಮನೆಗಳನ್ನು ಕಟ್ಟುವುದು ವಾಡಿಕೆಯಾಗಿದೆ. 2016ರ ರೇರಾ ಕಾಯಿದೆಯಂತೆ 500 ಚದರ ಮೀಟರನ್ನು ಮೀರದ ನೆಲಕ್ಕೂ, ಎಂಟು ಮನೆಗಳನ್ನು ಮೀರದ ಕಟ್ಟಡಕ್ಕೂ ನೋಂದಣಿಯ ನಿರ್ಬಂಧವಿಲ್ಲ. ಇಂತಹ ಕಿರಿಯ ಕಟ್ಟಡಗಳಲ್ಲಿ ಅನೇಕವು ಆ ರಕ್ಷಣೆಯ ಹೊರಗುಳಿಯುವುದರಿಂದ ಮೂಲಪತ್ರ, ಋಣಭಾರ ಪತ್ರ, ಖಾತೆ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ ಇವನ್ನು ವಕೀಲರಿಂದ ಪರಿಶೀಲಿಸಿಸುವುದು ಅತ್ಯಾವಶ್ಯಕ. ಕೆಡವಿದ ಮನೆ ಅವಿಭಕ್ತ ಕುಟುಂಬದ್ದಾಗಿದ್ದರೆ ಎಲ್ಲ ಹಕ್ಕುದಾರರೂ ರುಜು ಮಾಡಿರುವರೇ ಎಂಬುದನ್ನು ವಿಶೇಷವಾಗಿ ನೋಡತಕ್ಕದ್ದು.

ಇಷ್ಟೆಲ್ಲವೂ ಸರಿಯಾಗಿದ್ದರೂ ಪಾಲಿನ ಮನೆಗೆ ಇನ್ನೊಂದು ಪರೀಕ್ಷೆ ಉಳಿಯಿತು. ಮನುಸ್ಮೃತಿಯು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ‘ಸಂಭೂಯ ಸಮುತ್ಥಾನ’, ಅಂದರೆ ಹಲವರು ಕೂಡಿ ನಡೆಸುವ ಕಾರ್ಯ, ಒಂದು. ಕೂಡಿ ಮಾಡಿದ ಕೆಲಸ ವ್ಯಾಜ್ಯಕ್ಕೆ ಹೋಗುವುದುಂಟೆಂದು ಹಿಂದಿನವರು ಬಲ್ಲರು. ಈಗಿನ ನ್ಯಾಯವೂ ಅದನ್ನೇ ತಿಳಿಸುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಪಾಲುಗಾರನು ತನ್ನ ಪಾಲನ್ನು ಹೊರಗಿನವನಿಗೆ ಮಾರಬಹುದು. ಕೊಟ್ಟ ಹಣದ ಪ್ರಮಾಣಕ್ಕೆ ಪುರಾವೆಯಿಲ್ಲದಿದ್ದರೆ ಪಾಲುಗಳು ಸಮವೆಂದೇ ಊಹೆ. ಮನೆಯನ್ನು ಹಂಚಲು ಸಾಧ್ಯವಾಗದಿದ್ದರೆ, 1893ರ ವಿಭಾಗ ಕಾಯಿದೆಯಂತೆ ಅದನ್ನು ಮಾರಿಸಿ ಹಣವನ್ನು ಹಂಚುವ ಅಧಿಕಾರ ನ್ಯಾಯಾಲಯಕ್ಕುಂಟು. ಎರಡು ಕೋಣೆಗಳ ಮನೆಯನ್ನು ಮೂರು ಮಾಡುವವರಾರು?

ಮುಖ್ಯವಾದ ಮಾತು ಇನ್ನೂ ಒಂದಿದೆ. ಕೊಳ್ಳುವವರು ಮೂವರು ಸ್ನೇಹಿತರು. ನಲವತ್ತು ವರ್ಷ ಪರಸ್ಪರ ಬಲ್ಲವರು. ಮೂವರೂ ಅರವತ್ತನ್ನು ದಾಟಿದವರು. ಅವರ ತರುವಾಯ ಪಾಲು ಮಕ್ಕಳಿಗೆ ಹೋಗುವುದು. ಮೂವರು ಹೋಗಿ ಎಂಟು ಜನ ಒಡೆಯರಾಗುವರು. ಅವರಲ್ಲಿ ಇಬ್ಬರು ಪರದೇಶದಲ್ಲಿರುವರು, ಕೆಲವರು ಒಬ್ಬರನ್ನೊಬ್ಬರು ನೋಡಿಯೂ ಇರರು. ಸ್ನೇಹವು ಉಯಿಲಿನಿಂದ ಇಳಿದುಬರುವ ಆಸ್ತಿಯಲ್ಲ.

ಆದಕಾರಣ ಕ್ರಯಪತ್ರದಲ್ಲಿ ಪ್ರತಿಯೊಬ್ಬರ ಪಾಲನ್ನೂ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಅದಲ್ಲದೆ ಬೇರೊಂದು ಕರಾರು ಪತ್ರವೂ ಬೇಕು. ದಸರಾ, ದೀಪಾವಳಿ, ಬೇಸಿಗೆ ರಜೆಗಳ ಸರದಿ ವರ್ಷವರ್ಷಕ್ಕೂ ಹೇಗೆ ತಿರುಗತಕ್ಕದ್ದು. ಕಾಯಿಲೆ ಬಂದವರಿಗೆ ಸರದಿ ಮೀರಿ ಎಷ್ಟು ದಿನ ಸಲ್ಲುವುದು. ತಿಂಗಳ ನಿರ್ವಹಣೆಯ ಹಣವನ್ನು ಒಬ್ಬರು ನಿಲ್ಲಿಸಿದರೆ ಏನು. ಪಾಲನ್ನು ಮಾರಬೇಕೆನ್ನುವವನು ಮೊದಲು ಉಳಿದವರಿಗೆ ತಿಳಿಸಿ ಎಷ್ಟು ತಿಂಗಳು ಕಾಯತಕ್ಕದ್ದು, ಬೆಲೆಯನ್ನು ಯಾರು ಕಟ್ಟತಕ್ಕದ್ದು. ಒಬ್ಬರು ಕಾಲವಾದರೆ ಬದುಕಿರುವ ಪತ್ನಿಯ ಸರದಿಗೆ ಭಂಗ ಬಾರದಂತೆ ಏನು ಏರ್ಪಾಡು. ಕಡೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ; ಅದಕ್ಕಾಗಿಯೇ ಅದನ್ನು ಮೊದಲು ಬರೆಯಬೇಕು.

ಸ್ನೇಹಿತರಿಗೆ ನಾವು ತಿಳಿಸಿದುದು ಇಷ್ಟೇ. ಸ್ಥಳವು ವಾಸಯೋಗ್ಯ, ಅವಸರ ಬೇಡ. ಮುಂಗಡ ಕೊಡುವುದಕ್ಕೆ ಮೊದಲು ಮೂವರೂ ಪತ್ನೀಪುತ್ರರನ್ನೂ ಹೆಣ್ಣುಮಕ್ಕಳನ್ನೂ ಒಂದೆಡೆ ಕೂಡಿಸಿ ಕರಡು ಪತ್ರವನ್ನು ಗಟ್ಟಿಯಾಗಿ ಓದಿಸಿರಿ. ಓದುವಾಗಲೇ ಮಾತು ಬೆಳೆದರೆ ಮನೆ ತಪ್ಪೀತು; ಹಣವೂ ಸ್ನೇಹವೂ ಉಳಿದಾವು.