ಅಗಲವೂ ಸ್ಪಷ್ಟತೆಯೂ

ಟೆಲಿವಿಷನ್ ಕೊಳ್ಳುವವರನ್ನು ಎರಡು ದಶಕಗಳಿಂದ ಕಾಡುತ್ತಿರುವ ಗೊಂದಲಕ್ಕೆ ಯಂತ್ರಕ್ಕಿಂತ ಮಾತೇ ಹೆಚ್ಚಿನ ಕಾರಣವೆಂದು ತೋರುತ್ತದೆ. 'ವೈಡ್‌ಸ್ಕ್ರೀನ್' ಎಂಬುದು ತೆರೆಯ ಆಕಾರವನ್ನು ಹೇಳುವ ಮಾತು. 'ಹೈ ಡೆಫಿನಿಷನ್' ಎಂಬುದು ಚಿತ್ರದ ಸೂಕ್ಷ್ಮತೆಯನ್ನು ಹೇಳುವ ಮಾತು. ಒಂದಿದ್ದಲ್ಲಿ ಇನ್ನೊಂದು ಇದ್ದೇ ತೀರಬೇಕೆಂಬ ನಿಯಮವಿಲ್ಲ. ಹಳೆಯ ತೆರೆಯ ಅಗಲ ಎತ್ತರಗಳ ಪ್ರಮಾಣ 4:3, ಹೊಸದರದು 16:9. ಈ ಶತಮಾನದ ಆರಂಭದಲ್ಲಿ ಮಾರಾಟವಾದ ಎಷ್ಟೋ ಪ್ಲಾಸ್ಮಾ ತೆರೆಗಳು ಹೊಸ ಪ್ರಮಾಣದವೇ ಆಗಿದ್ದರೂ ಅವುಗಳಲ್ಲಿದ್ದುದು 480 ಸಾಲುಗಳು ಮಾತ್ರ. ಹೈ ಡೆಫಿನಿಷನ್ ಎನಿಸಿಕೊಳ್ಳಲು 720 ಸಾಲುಗಳಾದರೂ ಬೇಕು. ಅಗಲವನ್ನು ಕಂಡು ಕೊಂಡವರು ಸ್ಪಷ್ಟತೆಯೂ ಜೊತೆಗೆ ಬಂದಿತೆಂದು ನಂಬಿದುದರಲ್ಲಿ ಆಶ್ಚರ್ಯವೇನು?

ಈ ಗೊಂದಲವನ್ನು ಕಳೆಯಲೆಂದು ಯೂರೋಪಿನ ಉದ್ಯಮಗಳ ಒಕ್ಕೂಟವು 2005ರಲ್ಲಿ 'ಎಚ್‌ಡಿ ರೆಡಿ' ಎಂಬ ಮುದ್ರೆಯನ್ನು ಜಾರಿಗೆ ತಂದಿತು. ತೆರೆ ಅಗಲವಾಗಿರಬೇಕು, ಸಾಲುಗಳು 720ಕ್ಕೆ ಕಡಿಮೆಯಿರಬಾರದು, ನಕಲನ್ನು ತಡೆಯುವ ಗೂಢಸಂಕೇತವನ್ನು ಬಿಡಿಸಬಲ್ಲ ಡಿಜಿಟಲ್ ಸಂಪರ್ಕವಿರಬೇಕು. ಆದರೆ ಎಚ್‌ಡಿ ಪ್ರಸಾರವನ್ನು ಹಿಡಿಯುವ ಟ್ಯೂನರ್ ಒಳಗೇ ಇರಬೇಕೆಂದು ಆ ಮುದ್ರೆ ಕೇಳಲಿಲ್ಲ. 2006ರಲ್ಲಿ ಬ್ರಿಟನ್ನಿನಲ್ಲಿ ಉಪಗ್ರಹದ ಮೂಲಕ ಎಚ್‌ಡಿ ಸೇವೆ ಆರಂಭವಾದಾಗ ಅದನ್ನು ನೋಡಲು ಪ್ರತ್ಯೇಕವಾದ ಪೆಟ್ಟಿಗೆಯೂ ಚಂದಾಹಣವೂ ಬೇಕಾದುವು. 'ರೆಡಿ' ಎಂದರೆ ಸಿದ್ಧ, ನಿಜ. ಆದರೆ ಎಲೆ ಹಾಕಿದ ಮಾತ್ರಕ್ಕೆ ಅಡುಗೆ ಬಡಿಸಿದಂತಾಗುವುದೆ?

ಆ ಮಾತು ನಮ್ಮ ಪೇಟೆಗೂ ಬಂದಿತು. ದೂರದರ್ಶನವು 2010ರ ಕಾಮನ್‌ವೆಲ್ತ್ ಕ್ರೀಡೆಗಳನ್ನು ಎಚ್‌ಡಿಯಲ್ಲಿ ಪ್ರಸಾರಮಾಡಿದ ಕಾಲಕ್ಕೂ ನಮ್ಮ ಎಷ್ಟೋ ವಾಹಿನಿಗಳ ಚಿತ್ರ 4:3ರದೇ ಆಗಿತ್ತು. ಅಗಲವಾದ ತೆರೆ ಬರಿದಾಗಿ ಕಾಣಬಾರದೆಂದು ಅದನ್ನು ಎಳೆದು ಹಿಗ್ಗಿಸಿದರೆ ಮುಖಗಳೆಲ್ಲ ಊದಿಕೊಂಡು ಕಾಣುತ್ತಿದ್ದುವು. ಚಿತ್ರದ ವಿವರ ಎಳ್ಳಷ್ಟೂ ಹೆಚ್ಚುತ್ತಿರಲಿಲ್ಲ. ಇಂದಿಗೂ ನಮ್ಮ ಅಂಗಡಿಗಳಲ್ಲಿ 'ಎಚ್‌ಡಿ ರೆಡಿ' ಎಂದು ಮಾರುವ ತೆರೆಗಳು ಸಾಮಾನ್ಯವಾಗಿ 1366×768 ಬಿಂದುಗಳವು. 1920×1080ರ ಚಿತ್ರವನ್ನು ಅವು ಸ್ವೀಕರಿಸುತ್ತವೆ, ಕುಗ್ಗಿಸಿ ತೋರಿಸುತ್ತವೆ. ಇದನ್ನು ಸುಳ್ಳೆನ್ನುವಂತಿಲ್ಲ, ಪೂರ್ಣ ಸತ್ಯವೆನ್ನುವಂತೆಯೂ ಇಲ್ಲ.

ಸಾಮಾನ್ಯ ಸಂಸಾರಿಗೆ ಇದು ಕೇವಲ ಪಾರಿಭಾಷಿಕ ಪದಗಳ ಚರ್ಚೆಯಲ್ಲ, ತಿಂಗಳುಗಟ್ಟಲೆ ಉಳಿಸಿದ ಹಣದ ಪ್ರಶ್ನೆ. ತೆರೆಯಲ್ಲಿ ಬಿಂದುಗಳೆಷ್ಟು, ಸಂಪರ್ಕ ಯಾವುದು, ಬರುವ ಪ್ರಸಾರ ಎಂಥದು ಎಂಬ ಮೂರನ್ನು ತಿಳಿಗನ್ನಡದಲ್ಲಿ ಪೆಟ್ಟಿಗೆಯ ಮೇಲೆಯೇ ಅಚ್ಚುಮಾಡಬಹುದು. ಅದು ಆಗುವವರೆಗೆ ಕೊಳ್ಳುವವನೇ ಕೇಳಿ ತಿಳಿಯಬೇಕು; ಕೇಳಲು ಸಂಕೋಚಪಡಬೇಕಾದ ಕಾರಣವಿಲ್ಲ.